ಒಣಗುವಷ್ಟರಲ್ಲಿ

ಆ ಭಾನುವಾರ ನಾನು, ಅತ್ತೆ ಭಾರತೀಯರ ಪೇಟೆಯಾದ ಬ್ರಿಕ್‌ಫೀಲ್ಡ್ಸ್‌ನಿಂದ ಮರಳಿ ಲಿಫ್ಟಿನಿಂದ ಹೊರಬಂದಾಗ, ನಮ್ಮ ಬಾಗಿಲಿಗೆ ಅಡ್ಡವಾಗಿ ಎದುರುಮನೆಯ ಮುದುಕಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ತೊಡೆಯ ಮೇಲೆ ನನ್ನ ಅತ್ತೆಯ ಸ್ಟೀಲಿನ ಹರಿವಾಣವಿತ್ತು, ಅದರ ತುಂಬ ಬಾಳಕ ಮೆಣಸು. ಮೊಸರು, ಉಪ್ಪು ಹಚ್ಚಿ ಒಣಗಲೆಂದು ಬೆಳಿಗ್ಗೆ ಅತ್ತೆ ಅದನ್ನು ಕಾರಿಡಾರಿನ ಬಿಸಿಲು ಬೀಳುವ ತುದಿಯಲ್ಲಿಟ್ಟು ಹೋಗಿದ್ದರು. ಮಧ್ಯಾಹ್ನ, ಇಲ್ಲಿ ದಿನವೂ ಬರುವ ಹಾಗೆ, ಮಳೆ ಬಂದು ಹೋಗಿತ್ತು.

ಮುದುಕಿ ಎದ್ದು ನಿಂತು ಅರಬಿ ಭಾಷೆಯಲ್ಲಿ ಏನೋ ಹೇಳಿದರು. ಭಾಷೆ ತಿಳಿಯದಿದ್ದರೂ ಸಿಟ್ಟು ತಿಳಿಯಿತು. ಅವರ ಮೊಮ್ಮಗಳು ಇಸ್ರಾ ಬಾಗಿಲಿಗೆ ಒರಗಿ ನಿಂತು ಇಂಗ್ಲಿಷಿನಲ್ಲಿ ನನಗೆ ಹೇಳಿದಳು: "ಸಾರಿ ಆಂಟಿ. ಒಣಗೋಕೆ ಹಾಕಿದ್ದನ್ನ ಬಿಟ್ಟು ಯಾರಾದ್ರೂ ಮನೆಯಿಂದ ಹೋಗ್ತಾರಾ ಅಂತ ತೇತಾ ಕೇಳ್ತಿದ್ದಾರೆ." ತೇತಾ ಎಂದರೆ ಅಜ್ಜಿ.

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಗಿರಿಜಮ್ಮ ಉಡುಪಿಯಿಂದ ಕೆಲವು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದವರು, ಯಾರಿಗೂ ಹೆದರಿದವರಲ್ಲ.

"ಎಂತದು ಮಾರಾಯ್ತಿ, ನಾವೆಂತ ಕಾಶಿಗೆ ಹೋದದ್ದಾ? ದೇವಸ್ಥಾನಕ್ಕೆ ಹೋಗಿ ನಾಲ್ಕು ಕಟ್ಟು ಸೊಪ್ಪು ತಂದದ್ದು. ನೆನೆದರೆ ಇನ್ನೊಂದು ಬಿಸಿಲು ತೋರಿಸಿದ್ರಾಯ್ತು. ಹೇಳು ಅವಳಿಗೆ."

ನಾನು ಇಸ್ರಾಗೆ, ಇಸ್ರಾ ಅಜ್ಜಿಗೆ. ಉತ್ತರ ತಡವಾಗಲಿಲ್ಲ.

"ಇನ್ನೊಂದು ಬಿಸಿಲು ಬರೋ ಹೊತ್ತಿಗೆ ನೀವು ಇಲ್ಲೇ ಇರ್ತೀರಿ ಅಂತ ನಿಮಗೆ ಯಾರು ಹೇಳಿದ್ದು, ಅಂತಾರೆ."

ಅತ್ತೆ ಬಗ್ಗಿ ಮೆಣಸನ್ನು ಮುಟ್ಟಿ ನೋಡಿದರು. ಹರಿವಾಣದಲ್ಲಿ ಒಂದು ಮೆಣಸೂ ನೆನೆದಿರಲಿಲ್ಲ.

ನಾವಿರುವುದು ಮಲೇಷ್ಯಾದ ಸೈಬರ್‌ಜಯಾದಲ್ಲಿ, ಪುತ್ರಜಯಾದ ಅಗಲ ರಸ್ತೆಗಳಿಗೆ ಅಂಟಿಕೊಂಡ ಅಪಾರ್ಟ್‌ಮೆಂಟಿನಲ್ಲಿ. ನನ್ನ ಗಂಡ ರಾಧಾಕೃಷ್ಣ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ನಾನು ಆಹಾರ ಪದಾರ್ಥಗಳನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ; ಹಿಟ್ಟು, ಮಸಾಲೆ, ಒಣಮೀನುಗಳಲ್ಲಿ ನೀರಿನಂಶ ಎಷ್ಟಿದೆಯೆಂದು ಅಳೆಯುವುದು ನನ್ನ ಪಾಲಿನ ಕೆಲಸ. ಎದುರುಮನೆಯವರನ್ನು ಎಲ್ಲರೂ ಉಮ್ ಸಲೀಂ ಎಂದು ಕರೆಯುತ್ತಿದ್ದರು. ಸಲೀಮನ ತಾಯಿ ಎಂದರ್ಥ. ಅವರಲ್ಲಿ ಹೆಂಗಸನ್ನು ಹಿರಿಮಗನ ಹೆಸರು ಹಿಡಿದು ಕರೆಯುವುದು ಗೌರವ. ಸಲೀಂ ಡಮಾಸ್ಕಸ್ಸಿನಲ್ಲಿ ಯುದ್ಧ ನಡೆಯುತ್ತಿದ್ದಾಗ ಹೆಂಡತಿಯ ಜೊತೆ ಔಷಧಿ ತರಲು ಹೋಗಿ, ಶೆಲ್ ಬಿದ್ದು ಇಬ್ಬರೂ ತೀರಿಕೊಂಡಿದ್ದರು. ಮಗ ಹೋದ ಮೇಲೂ ತಾಯಿಯ ಹೆಸರು ಬದಲಾಗುವುದಿಲ್ಲ.

ಆಗ ಇಸ್ರಾಗೆ ಏಳೋ ಎಂಟೋ ವರ್ಷ. ಸಲೀಮನ ಗೆಳೆಯನೊಬ್ಬ ಇಲ್ಲಿದ್ದ ಕಾರಣಕ್ಕೆ ಉಮ್ ಸಲೀಂ, ಅವರ ಗಂಡ ಅಬೂ ಸಲೀಂ ಮತ್ತು ಮೊಮ್ಮಗಳು ಮಲೇಷ್ಯಾಕ್ಕೆ ಬಂದರು. ಅಬೂ ಸಲೀಂ ಇಲ್ಲಿಯ ಮಣ್ಣಿನಲ್ಲೇ ಇದ್ದಾರೆ. ನಾವು ಈ ಮನೆಗೆ ಬರುವ ಮೊದಲೇ ಅವರು ತೀರಿಕೊಂಡಿದ್ದರು.

ಉಮ್ ಸಲೀಂ ಮನೆಯಲ್ಲೇ ರೊಟ್ಟಿ ಮಾಡಿ ಸುತ್ತಲಿನ ಅರಬ್ ವಿದ್ಯಾರ್ಥಿಗಳಿಗೆ ಮಾರುತ್ತಿದ್ದರು. ಎಂಬತ್ತೈದು ವರ್ಷದ ಬೆರಳುಗಳು ಗಂಟುಗಂಟಾಗಿದ್ದರೂ ಹಿಟ್ಟಿನೊಳಗೆ ಇಳಿದರೆ ನಲವತ್ತರ ಬೆರಳುಗಳಾಗುತ್ತಿದ್ದವು. ಅವರಲ್ಲಿ ನಾನು ಮೊದಲು ಗಮನಿಸಿದ್ದು ಒಂದು ವಿಚಿತ್ರ ಶಿಸ್ತು. ಬೆಳಿಗ್ಗೆ ಕಲಸಿದ ಹಿಟ್ಟು ಸಂಜೆಯೊಳಗೆ ಮುಗಿಯಬೇಕು. ಕಡಲೆಯನ್ನು ರಾತ್ರಿ ನೆನೆಹಾಕುವುದಿಲ್ಲ. ಬೇಯಿಸಿದ್ದನ್ನೇ ಡಬ್ಬಿಯಲ್ಲಿ ತರುತ್ತಾರೆ. ಉಪ್ಪಿನಕಾಯಿ ಹಾಕುವುದಿಲ್ಲ. ಕೆಳಗಿನ ಅಂಗಡಿಗೆ ಹೋಗಬೇಕಾದರೂ ಹಗ್ಗದ ಮೇಲಿನ ಒದ್ದೆ ಬಟ್ಟೆಯನ್ನು ಒಳಗೆ ತಂದು, ಬಾಗಿಲು ಹಾಕಿ, ಬಂದ ಮೇಲೆ ಮತ್ತೆ ಹರವುತ್ತಾರೆ. ಒಮ್ಮೆ ನಾನು ಹೆಪ್ಪಿಗೆಂದು ಒಂದು ಲೋಟ ಮೊಸರು ಕೊಟ್ಟಿದ್ದೆ. ಮರುದಿನ ಲೋಟ ತೊಳೆದು ವಾಪಸು ಬಂತು. "ತೇತಾ ತಿಂದುಬಿಟ್ರು ಆಂಟಿ," ಎಂದಳು ಇಸ್ರಾ ನಗುತ್ತ. "ನಾಳೆಗೆ ಆಗೋದನ್ನ ನಮ್ಮ ತೇತಾ ಇವತ್ತು ಶುರು ಮಾಡೋದಿಲ್ಲ ಲಾ." ಮಾತಿನ ಕೊನೆಯ ಆ ಲಾ ಅವಳಿಗೆ ಇಲ್ಲಿಯವರ ಇಂಗ್ಲಿಷಿನಿಂದ ಅಂಟಿಕೊಂಡದ್ದು.

ನನ್ನ ಅತ್ತೆಯದು ಇದರ ತಿರುವುಮುರುವು. ಅವರ ಅಡುಗೆಮನೆಯಲ್ಲಿ ಸದಾ ಒಂದು ಹುಳಿ ಬರುತ್ತಿರುತ್ತದೆ, ಒಂದು ನೆನೆಯುತ್ತಿರುತ್ತದೆ, ಇನ್ನೊಂದು ಒಣಗುತ್ತಿರುತ್ತದೆ. ಮೆಣಸಿನ ಜಗಳವಾದ ಮೇಲೆ ಇಬ್ಬರೂ ಕಾರಿಡಾರಿನಲ್ಲಿ ಎದುರುಬದುರು ಕುರ್ಚಿ ಹಾಕಿಕೊಳ್ಳತೊಡಗಿದರು. ಅತ್ತೆ ಅವರಿಗೆ ಉಮ್ಮಕ್ಕ ಎಂದು ಹೆಸರಿಟ್ಟರು. ಇವರು ಕನ್ನಡದಲ್ಲಿ, ಅವರು ಅರಬಿಯಲ್ಲಿ; ನಡುವೆ ಭಾಷಾಂತರಕ್ಕೆ ಯಾರೂ ಬೇಕಾಗಲಿಲ್ಲ. ನಾನು ಕೆಲಸದಿಂದ ಬಂದಾಗ ಅತ್ತೆ ವರದಿ ಒಪ್ಪಿಸುತ್ತಿದ್ದರು.

"ಉಮ್ಮಕ್ಕನಿಗೆ ಮಂಡಿನೋವು ಉಂಟಂತೆ. ಗಂಡ ಒಳ್ಳೆಯವನಂತೆ, ಆದರೆ ಗೊರಕೆ."

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಗೊರಕೆ ಹೊಡೆದು ತೋರಿಸಿದ್ಳು. ಗೊರಕೆಗೆ ಯಾವ ಭಾಷೆ?"

ಒಂದು ದಿನ ಉಮ್ ಸಲೀಮರಿಗೆ ಕೆಮ್ಮು ಹಿಡಿಯಿತು. ಅತ್ತೆ ನಮ್ಮ ಕುಂಡದಿಂದ ದೊಡ್ಡಪತ್ರೆ ಕಿತ್ತರು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಹೂ ಮಾರುವ ತಮಿಳು ಹೆಂಗಸು ಕೊಟ್ಟ ಒಂದು ಕಡ್ಡಿಯಿಂದ ಬೆಳೆದ ಗಿಡ ಅದು. ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಬೆರೆಸಿ ಕೊಡುವುದು ಅವರ ಔಷಧಿ. ಬಾಡಿಸುವ ಮೊದಲು ಒಂದು ಎಲೆಯನ್ನು ಬೆರಳಲ್ಲಿ ಜಜ್ಜಿ, ಹೀಗಿರುತ್ತದೆ ವಾಸನೆ ಎಂದು ಉಮ್ ಸಲೀಮರ ಮೂಗಿಗೆ ಹಿಡಿದರು.

ಉಮ್ ಸಲೀಂ ಅತ್ತೆಯ ಕೈ ಹಿಡಿದುಕೊಂಡರು. ಬಿಡಲಿಲ್ಲ. ಇನ್ನೊಂದು ಸಲ ಮೂಸಿದರು. ಆಮೇಲೆ ಆ ಎಲೆಯನ್ನು ತೆಗೆದುಕೊಂಡು ತಮ್ಮ ಮನೆಯೊಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಇಸ್ರಾ ಕರೆಯಲು ಹೋಗಿ, ನಮ್ಮನ್ನೇ ಒಳಗೆ ಕರೆದಳು. ಅಡುಗೆಕಟ್ಟೆಯ ಮೇಲೆ ಝಾತರ್‌ನ ಪೊಟ್ಟಣ ಬಿಚ್ಚಿತ್ತು. ಅವರ ನಾಡಿನ ಗುಡ್ಡಗಳಲ್ಲಿ ಬೆಳೆಯುವ ಒಂದು ಕಾಡುಸೊಪ್ಪು ಅದು. ಒಣಗಿಸಿ, ಪುಡಿ ಮಾಡಿ, ಎಳ್ಳು, ಉಪ್ಪು ಬೆರೆಸಿ, ಎಣ್ಣೆ ಸವರಿದ ರೊಟ್ಟಿಯ ಜೊತೆ ತಿನ್ನುತ್ತಾರೆ. ಉಮ್ ಸಲೀಂ ಒಂದು ಕೈಯಲ್ಲಿ ಆ ಪುಡಿ, ಇನ್ನೊಂದರಲ್ಲಿ ನಮ್ಮ ಎಲೆ ಹಿಡಿದು ನಿಂತಿದ್ದರು.

"ಅಂಗಡಿಯದ್ದು ಹಳೆಯದು," ಎಂದು ಇಸ್ರಾ ಅವರ ಮಾತನ್ನು ಹೇಳಿದಳು. "ಹಸಿಯಾಗಿದ್ದಾಗ ಹೀಗಿರ್ತಿತ್ತಂತೆ. ಹಸಿಯಾಗಿ ಮೂಸಿ ಎಷ್ಟೋ ವರ್ಷ ಆಯ್ತಂತೆ."

ಇದರಲ್ಲಿ ಪವಾಡವೇನೂ ಇಲ್ಲ. ಕಾರ್ವಕ್ರಾಲ್ ಎಂಬ ಸಂಯುಕ್ತ ಎರಡೂ ಎಲೆಗಳ ಎಣ್ಣೆಯಲ್ಲಿದೆ. ಆ ಘಾಟು ಮುಖ್ಯವಾಗಿ ಅದರದ್ದು. ನಾನು ಹಾಗೆಂದು ವಿವರಿಸಲು ಹೊರಟೆ. ಅತ್ತೆ ನನ್ನ ಮೊಣಕೈ ಚಿವುಟಿದರು.

ಆ ಮಧ್ಯಾಹ್ನ ಉಮ್ ಸಲೀಂ ಹೇಳಿದ್ದು ಇದು.

ಅವರ ಹಳ್ಳಿ ಲೆಬನಾನಿನ ಗಡಿಗೆ ದಕ್ಷಿಣದಲ್ಲಿ, ಸಫದ್ ಎಂಬ ಊರಿನ ಹತ್ತಿರದ ಗುಡ್ಡದ ಮೇಲಿತ್ತು. ಆಗ ಅವರು ಉಮ್ ಸಲೀಂ ಅಲ್ಲ, ಫದ್ದಾ. ಎಂಟು ವರ್ಷ. ಅದು ಸಾವಿರದ ಒಂಬೈನೂರ ನಲವತ್ತೆಂಟರ ವಸಂತ. ತಾಯಿ ಬೇರೆ ಹೆಂಗಸರ ಜೊತೆ ಗುಡ್ಡಕ್ಕೆ ಹೋಗಿ ಹೊರೆ ಝಾತರ್ ತಂದು, ಮನೆಯ ಚಪ್ಪಟೆ ಮಾಡಿನ ಮೇಲೆ, ನೆರಳಿರುವ ಕಡೆ ಹರವಿದ್ದಳು. ಎರಡು ದಿನದಿಂದ ಸಫದ್ ಕಡೆಯಿಂದ ಗುಂಡಿನ ಸದ್ದು ಕೇಳುತ್ತಿತ್ತು. ಪಕ್ಕದ ಹಳ್ಳಿಗಳಿಂದ ಜನ ಉತ್ತರಕ್ಕೆ ಹೋಗತೊಡಗಿದ್ದರು. ಒಂದು ವಾರ, ಹೆಚ್ಚೆಂದರೆ ಎರಡು ವಾರ, ಆಮೇಲೆ ಮರಳಬಹುದು ಎಂದು ಗಂಡಸರು ಹೇಳಿದರು. ತಾಯಿ ಕೋಳಿಗಳನ್ನು ಗೂಡಿನಿಂದ ಬಿಟ್ಟಳು, ಕಾಳು ಚೆಲ್ಲಿದಳು. ಆಮೇಲೆ ಮಗಳಿಗೆ ಹೇಳಿದಳು: "ಫದ್ದಾ, ಮೇಲೆ ಹೋಗಿ ಬಟ್ಟೆ ಹೊದಿಸು. ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಲ್ಲಿಡು. ಒಣಗುವಷ್ಟರಲ್ಲಿ ಬಂದುಬಿಡುತ್ತೇವೆ."

ಫದ್ದಾ ಮೂರು ಮೂಲೆಗೆ ಕಲ್ಲಿಟ್ಟಳು. ನಾಲ್ಕನೆಯದು ಕೈಯಲ್ಲಿದ್ದಾಗ ಕೆಳಗಿನಿಂದ ತಂದೆ ಕೂಗಿದ. ಹಾಗೇ ಓಡಿ ಇಳಿದಳು. ಎಷ್ಟೋ ದೂರ ನಡೆದ ಮೇಲೆ, ಹೊಳೆ ದಾಟುವಾಗ, ಕಲ್ಲು ಇನ್ನೂ ಕೈಯಲ್ಲಿರುವುದು ಕಂಡಿತು. ಅಮ್ಮ ನೋಡುವ ಮೊದಲು ನೀರಿಗೆ ಹಾಕಿದಳು.

ಲೆಬನಾನಿನಲ್ಲಿ ಒಂದು ಚಳಿಗಾಲ ಗುಡಾರದಲ್ಲಿ. ಅಲ್ಲಿಂದ ಡಮಾಸ್ಕಸ್ಸಿನ ಅಂಚಿನ ನಿರಾಶ್ರಿತರ ಶಿಬಿರ. ಗುಡಾರಗಳು ಮಣ್ಣಿನ ಕೋಣೆಗಳಾದವು, ಕೋಣೆಗಳು ಮಹಡಿಗಳಾದವು, ಶಿಬಿರ ಊರಾಯಿತು. ಗಾರೆ ಕೆಲಸದ ಅಬೂ ಸಲೀಂ ಅಲ್ಲೇ ಸಿಕ್ಕರು, ಮಗ ಅಲ್ಲೇ ಹುಟ್ಟಿದ. ತಾಯಿ ಮಾತ್ರ ಬದುಕಿರುವವರೆಗೆ ಆಗಾಗ ಒಂದು ಮಾತು ಹೇಳುತ್ತಿದ್ದಳಂತೆ: "ಅದು ಇಷ್ಟು ಹೊತ್ತಿಗೆ ಒಣಗಿರುತ್ತದೆ." ಮೊದಲು ನಿಜವಾಗಿ, ಆಮೇಲೆ ತಮಾಷೆಗೆ, ಕೊನೆಗೆ ಏನೂ ಅಲ್ಲದೆ.

"ಬಟ್ಟೆ ಹಾರಿತೋ ಇಲ್ಲವೋ," ಎಂದರು ಉಮ್ ಸಲೀಂ. "ಯಾರೂ ಬಂದು ಹೇಳಲಿಲ್ಲ."

ಅತ್ತೆಗೆ ನಾನು ಕನ್ನಡದಲ್ಲಿ ಹೇಳಿ ಮುಗಿಸುವಾಗ ಜೇನಿನ ಬಟ್ಟಲಿಗೆ ಇರುವೆ ಬಂದಿತ್ತು. ಅತ್ತೆ ಎದ್ದು ಹೋಗಿ ಹೊಸ ಎಲೆ ಬಾಡಿಸಿ ತಂದು, ಚಮಚದಲ್ಲಿ ಕುಡಿಸಿದರು.

ಮುಂದಿನ ತಿಂಗಳು ಇಸ್ರಾಗೆ ಫೋನ್ ಬಂತು. ವರ್ಷಗಳಿಂದ ಕಾಯುತ್ತಿದ್ದದ್ದು. ಕೆನಡಾ ಅಜ್ಜಿ, ಮೊಮ್ಮಗಳು ಇಬ್ಬರನ್ನೂ ತೆಗೆದುಕೊಳ್ಳಲು ಒಪ್ಪಿತ್ತು. ಇಸ್ರಾಗೆ ಹತ್ತೊಂಬತ್ತು. ನಿರಾಶ್ರಿತರ ಶಾಲೆಯೊಂದರಲ್ಲಿ ಓದಿ, ಈಗ ಅಲ್ಲೇ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಫಾರ್ಮಸಿ ಓದುವ ಆಸೆ. ಅವಳ ಬಳಿಯಿದ್ದ ನಿರಾಶ್ರಿತರ ಕಾರ್ಡಿನ ಮೇಲೆ ಇಲ್ಲಿ ಕಾಲೇಜು ಸೇರುವುದು ಸುಲಭವಿರಲಿಲ್ಲ, ಕೆಲಸಕ್ಕೆ ಕಾನೂನಿನ ಒಪ್ಪಿಗೆಯಿರಲಿಲ್ಲ. ಬರಿಗಾಲಲ್ಲೇ ಓಡಿಬಂದು ನನ್ನ ಬಾಗಿಲು ಬಡಿದು ಹೇಳಿದಳು. ಮರುದಿನ ಬಂದಾಗ ಮುಖ ಬಾಡಿತ್ತು.

"ತೇತಾ ಬರಲ್ವಂತೆ. ನೀನು ಹೋಗು ಅಂತಾರೆ. ಹೇಗೆ ಹೋಗಲಿ ಆಂಟಿ? ನಂಗೆ ಅವರು, ಅವರಿಗೆ ನಾನು. ಬೇರೆ ಯಾರಿದ್ದಾರೆ? ನೀವು ಹೇಳಿ, ಪ್ಲೀಸ್. ನಿಮ್ಮ ಮಾತು ಕೇಳ್ತಾರೆ."

ನಾನು ಹೋಗಿ ಇಸ್ರಾಳ ಮೂಲಕ ಹೇಳಿದೆ, ನನಗೆ ಬರುವ ರೀತಿಯಲ್ಲಿ, ಒಂದಾದ ಮೇಲೊಂದು. ಅಲ್ಲಿ ಆಸ್ಪತ್ರೆ ಸಿಗುತ್ತದೆ. ಇಸ್ರಾ ಓದುತ್ತಾಳೆ. ಹುಟ್ಟಿದಂದಿನಿಂದ ಒಂದು ದೇಶದ ಪಾಸ್‌ಪೋರ್ಟ್ ಇಲ್ಲದ ನಿಮಗೆ ಮುಂದೆ ಒಂದು ದಿನ ಅದೂ ಸಿಗಬಹುದು. ಉಮ್ ಸಲೀಂ ಉಂಡೆ ಕಟ್ಟುತ್ತ ಕೇಳಿಸಿಕೊಂಡರು.

"ಬಿಂತಿ," ಎಂದರು. ಮಗಳೇ ಎಂದು. "ನಮ್ಮ ಹಳ್ಳಿಯಿಂದ ಹೊರಟದ್ದು ಒಂದು ವಾರಕ್ಕೆ. ಡಮಾಸ್ಕಸ್‌ನಿಂದ ಹೊರಟದ್ದು ಗಲಾಟೆ ನಿಲ್ಲುವವರೆಗೆ. ಈಗ ಹೊರಡುವುದು ಎಲ್ಲಿಯವರೆಗೆ? ಹೋದಲ್ಲೆಲ್ಲ ಏನನ್ನಾದರೂ ಅರ್ಧಕ್ಕೆ ಬಿಟ್ಟು ಬಂದಿದ್ದೇನೆ. ಅಮ್ಮ ಅಲ್ಲಿ, ಮಗ ಅಲ್ಲಿ, ಇವರು ಇಲ್ಲಿ. ಮುದುಕನ ಗೋರಿಯ ಮೇಲಿನ ಹುಲ್ಲು ಯಾರು ಕೀಳುತ್ತಾರೆ? ಇನ್ನು ನಾನು ಬಿಟ್ಟು ಹೋಗುವವಳಲ್ಲ."

ಮನೆಗೆ ಬಂದಾಗ ಅತ್ತೆ ಕೇಳಿದರು: "ಎಂತ ಹೇಳಿದೆ ಅವಳಿಗೆ?" ಹೇಳಿದೆ. "ಲಾಭ ನಷ್ಟ ಹೇಳಿ ಬಂದಿಯಾ? ಅದು ಅವಳಿಗೆ ಗೊತ್ತಿಲ್ವಾ? ಬೇರು ಕಿತ್ತ ಗಿಡಕ್ಕೆ ಗೊಬ್ಬರದ ಪಾಠ ಬೇಡ ಮಾರಾಯ್ತಿ."

ಹಾಗೆಂದ ಅತ್ತೆಯ ಬಳಿಯೂ ಉಪಾಯವಿರಲಿಲ್ಲ. ಅವರಿಗೆ ಊರಿಗೆ ಮರಳುವ ಸಮಯ ಬಂದಿತ್ತು. ಇತ್ತ ಇಸ್ರಾ ಉತ್ತರ ಕೊಡಬೇಕಾದ ದಿನವೂ ಹತ್ತಿರವಾಗುತ್ತಿತ್ತು. ಅಜ್ಜಿ, ಮೊಮ್ಮಗಳ ಮನೆಯಿಂದ ಮಾತು ಕೇಳುವುದು ಕಡಿಮೆಯಾಯಿತು.

ಅತ್ತೆ ಹೊರಡುವ ದಿನ, ಸೂಟ್‌ಕೇಸ್ ಲಿಫ್ಟಿನ ಬಳಿ ಹೋಗಿತ್ತು. ಕಾರಿಡಾರಿನ ತುದಿಯಲ್ಲಿ ಇನ್ನೊಂದು ಸಲದ ಬಾಳಕ ಮೆಣಸು ಒಣಗುತ್ತಿತ್ತು. ಕೈ ಸುಮ್ಮನಿರದೆ ಹೊರಡುವ ಮುಂಚೆಯೇ ಹಾಕಿದ್ದರು. ಉಮ್ ಸಲೀಂ ಅದನ್ನು ನೋಡಿದರು, ಸೂಟ್‌ಕೇಸನ್ನು ನೋಡಿದರು. ಹರಿವಾಣವನ್ನು ಬೆರಳಿನಿಂದ ತೋರಿಸಿ, ಎರಡೂ ಅಂಗೈ ಮೇಲಕ್ಕೆ ತಿರುಗಿಸಿದರು. ಇದರ ಗತಿ?

"ಹ್ಞಾ, ಅದಾ? ಅದಿನ್ನೂ ಒಣಗ್ಲಿಕ್ಕೆ ಉಂಟು," ಎಂದರು ಅತ್ತೆ ಕನ್ನಡದಲ್ಲೇ. ನನ್ನ ಭುಜ ಹಿಡಿದು ಮುಂದೆ ನೂಕಿದರು. "ಇವಳಿದ್ದಾಳಲ್ಲ! ಸುಮತಿ, ದಿನಾ ತಿರುವಿ ಹಾಕು. ಮಳೆ ಬಂದ್ರೆ ಒಳಗೆ ತೆಗಿ. ಫೋನು ನೋಡ್ತಾ ಕೂತ್ಕೊಂಡ್ರೆ ಬೂಸಲು ಬಂದು ಹೋಗ್ತದೆ, ಹೇಳಿದ್ದೇನೆ. ಒಣಗಿದ ಮೇಲೆ ಹೇಗಾಯ್ತು ಅಂತ ಹೇಳು."

ಇಸ್ರಾ ಅದನ್ನು ಅರಬಿಗೆ ತಿರುಗಿಸಿದಳು. ಉಮ್ ಸಲೀಂ ನನ್ನನ್ನು ಮೊದಲ ಬಾರಿ ನೋಡುವವರಂತೆ ನೋಡಿದರು. ಅತ್ತೆ ಅವರನ್ನು ಅಪ್ಪಿಕೊಂಡು, ಬೆನ್ನು ತಟ್ಟಿ, ಕಣ್ಣೊರೆಸಿಕೊಂಡು ಲಿಫ್ಟ್ ಹತ್ತಿದರು. ಹರಿವಾಣದತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಉಮ್ ಸಲೀಂ ಕತ್ತರಿ ಹಿಡಿದು ನಮ್ಮ ಮನೆಗೆ ಬಂದರು. ಕುಂಡದ ದೊಡ್ಡಪತ್ರೆಯನ್ನು ತೋರಿಸಿದರು. ತೆಗೆದುಕೊಳ್ಳಿ ಎಂದೆ. ಅರ್ಧ ಗಿಡವನ್ನೇ ಕತ್ತರಿಸಿಕೊಂಡು ಹೋದರು. ನಾನು ಲ್ಯಾಬಿಗೆ ಹೊರಟಾಗ ಅವರು ಕಾರಿಡಾರಿನ ನೆರಳಿನ ಕಡೆ ಚಾಪೆ ಹಾಸಿ ಎಲೆಗಳನ್ನು ಒಂದೊಂದಾಗಿ ಹರವುತ್ತಿದ್ದರು.

ಸಂಜೆ ಬಂದಾಗ ಇಸ್ರಾ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. "ನೋಡಿದ್ರಾ ಆಂಟಿ? ಒಣಗೋಕೆ ಹಾಕಿದ್ದಾರೆ. ತೇತಾ! ನನ್ನ ಇಡೀ ಜೀವನದಲ್ಲಿ ಅವರು ಏನನ್ನೂ ಒಣಗೋಕೆ ಹಾಕಿದ್ದು ನೋಡಿಲ್ಲ. ಇಲ್ಲೇ ಇರ್ತೀನಿ ಅಂತ ಹೀಗೆ ಹೇಳ್ತಿದ್ದಾರೆ. ಮುಗೀತು ಲಾ. ನಾಳೆ ಫೋನ್ ಮಾಡಿ ಆಗಲ್ಲ ಅಂತ ಹೇಳಿಬಿಡ್ತೀನಿ."

ನನಗೂ ಅವಳ ಊಹೆ ಸರಿಯೆಂದೇ ಕಂಡಿತು. ನಾಳೆಗೆ ಆಗುವುದನ್ನು ಎಂದೂ ಶುರು ಮಾಡದವರು ಇದನ್ನು ಶುರು ಮಾಡಿದ್ದಾರೆ. ಹಾಗಾದರೆ ಮುಗಿಸಲು ಇಲ್ಲೇ ಇರುತ್ತಾರೆ. ಇಬ್ಬರೂ ಮೇಲೆ ಹೋದೆವು. ಉಮ್ ಸಲೀಂ ಎಲೆಗಳ ಮೇಲೆ ತೆಳುವಾದ ಬಿಳಿ ಬಟ್ಟೆ ಹೊದಿಸಿ, ಮೂಲೆಗಳಿಗೆ ಕಡಲೆಯ ಡಬ್ಬಿಗಳನ್ನು ಇಡುತ್ತಿದ್ದರು. ಮೂರು ಇಟ್ಟಾಗಿತ್ತು. ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟರು.

"ಇದು ನಿನ್ನದು," ಎಂದರು. ಇಸ್ರಾ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತ ಹೋದಳು. ಅವಳ ದನಿ ಸ್ವಲ್ಪಸ್ವಲ್ಪವಾಗಿ ನಿಧಾನವಾಯಿತು. "ಆವತ್ತು ನಮ್ಮ ಜೊತೆ ಇಡೀ ಹಳ್ಳಿ ಹೊರಟಿತ್ತು. ತಿರುವಿ ಹಾಕು ಎಂದು ಹೇಳಿ ಬರಲು ಅಮ್ಮನಿಗೆ ಎದುರುಮನೆಯೇ ಉಳಿದಿರಲಿಲ್ಲ. ಗಿರಿಜಾಳನ್ನು ನೋಡಿದೆ. ಅವಳು ತಿರುಗಿಯೂ ನೋಡದೆ ಹೋದಳು. ಈ ಹುಡುಗಿಯ ಜೊತೆ ನಾನು ಹೋಗುತ್ತೇನೆ. ನೀನು ದಿನಾ ತಿರುವಿ ಹಾಕು. ಅಬೂ ಸಲೀಂ ಹತ್ತಿರ ಆಗಾಗ ಹೋಗಿ ಹುಲ್ಲು ತೆಗೆಸು. ಒಣಗಿತೋ, ಕೊಳೆಯಿತೋ, ಏನಾಯಿತೋ, ಅದನ್ನು ನನಗೆ ಹೇಳಬೇಕು. ಸುಳ್ಳು ಬೇಡ."

ಇಸ್ರಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಡಬ್ಬಿಯನ್ನು ನಾಲ್ಕನೆಯ ಮೂಲೆಯಲ್ಲಿಟ್ಟೆ.

ಹೊರಡಲು ವಾರಗಳು ಹಿಡಿದವು. ಮೊದಲು ಹರವಿದ ಎಲೆಗಳನ್ನು ಅವರೇ ತೆಗೆದು ತಿಂದು ಮುಗಿಸಿದರು. ವಿಮಾನದ ದಿನ ಬೆಳಿಗ್ಗೆ ಮತ್ತೆ ಹೊಸದಾಗಿ ಕತ್ತರಿಸಿ, ಹರವಿ, ಬಟ್ಟೆ ಹೊದಿಸಿದರು. ನಾಲ್ಕನೆಯ ಡಬ್ಬಿಯನ್ನು ನನ್ನಿಂದಲೇ ಇಡಿಸಿದರು. ಕಾರು ಹತ್ತುವಾಗ ಮೇಲೆ ನೋಡಲಿಲ್ಲ. ನೋಡಬಾರದೆಂದು ಗಟ್ಟಿ ಮಾಡಿಕೊಂಡಿದ್ದು ಅವರ ಕುತ್ತಿಗೆಯಲ್ಲಿ ಕಾಣುತ್ತಿತ್ತು.

ದೊಡ್ಡಪತ್ರೆ ಒಣಗಿಸಲು ತಕ್ಕ ಎಲೆಯಲ್ಲ. ದಪ್ಪ ಎಲೆ, ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರು. ಇಲ್ಲಿಯ ಗಾಳಿಯೂ ನೀರೇ. ಲ್ಯಾಬಿನ ಓವನ್ನಿನಲ್ಲಿಟ್ಟಿದ್ದರೆ ಒಂದು ಹಗಲಿನ ಕೆಲಸ. ಇಡಲಿಲ್ಲ. ಅವರು ಹೇಳಿದ್ದು ತಿರುವಿ ಹಾಕು ಎಂದು. ಬೆಳಿಗ್ಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ತಿರುವಿ ಹಾಕಿದೆ. ಮಳೆ ಬಂದಾಗ ಒಳಗೆ ತೆಗೆಯಲು ಕೆಳಮನೆಯ ದೇವಕಿಗೆ ಹೇಳಿಟ್ಟಿದ್ದೆ. ಅಂಚಿನ ಎಲೆಗಳು ಕಪ್ಪಾದವು, ಕೆಲವಕ್ಕೆ ಬೂಸಲು ಹಿಡಿಯಿತು. ಅವನ್ನು ಆರಿಸಿ ಎಸೆದೆ. ಉಳಿದದ್ದು ಕೊನೆಗೆ ಗರಿಗರಿಯಾಯಿತು. ಕೈಯಲ್ಲಿ ಉಜ್ಜಿದರೆ ಒಂದು ಸಣ್ಣ ಬಾಟಲಿಯ ಅರ್ಧದಷ್ಟು ಪುಡಿ.

ಫೋನ್ ಮಾಡಿದೆ. ಅದೇ ನಾವು ಆಡಿದ ಕೊನೆಯ ಮಾತು ಎಂದು ಆಗ ತಿಳಿದಿರಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಉಮ್ ಸಲೀಂ ನಿದ್ದೆಯಲ್ಲಿ ತೀರಿಕೊಂಡರು. ಇಸ್ರಾ ಈಗ ಅಲ್ಲಿ ಕಾಲೇಜಿನಲ್ಲಿದ್ದಾಳೆ. ಅಜ್ಜಿಯ ಗೋರಿಯ ಮೇಲೆ ಇನ್ನೂ ಹುಲ್ಲು ಬಂದಿಲ್ಲ, ಬಂದಾಗ ತಾನೇ ಕೀಳುತ್ತೇನೆ ಎಂದು ಬರೆದಿದ್ದಳು. ಅಬೂ ಸಲೀಮರ ಗೋರಿಗೆ ನಾನು, ರಾಧಾಕೃಷ್ಣ ಹೋಗಿಬರುತ್ತೇವೆ. ಇಲ್ಲಿ ಹುಲ್ಲು ಬಹಳ ಬೇಗ ಬೆಳೆಯುತ್ತದೆ.

ಆ ಫೋನಿನಲ್ಲಿ ಇಸ್ರಾ ಸ್ಪೀಕರ್ ಹಾಕಿದ್ದಳು. ನಾನು ವರದಿ ಕೊಡುವ ಹಾಗೆ ಹೇಳಿದೆ: ಸುಮಾರು ಅರ್ಧ ಕೊಳೆಯಿತು, ಎಸೆದೆ. ಅರ್ಧ ಒಣಗಿತು. ಬಣ್ಣ ಹೋಗಿದೆ, ವಾಸನೆ ಉಳಿದಿದೆ.

ಇಸ್ರಾ ಅದನ್ನು ಅರಬಿಯಲ್ಲಿ ಹೇಳಿದಳು. ಆಮೇಲೆ ಅಜ್ಜಿಯ ದನಿ, ಅದರ ಹಿಂದೆ ಮೊಮ್ಮಗಳದ್ದು.

"ಹಾಗಾದರೆ ಅಮ್ಮ ಹರವಿದ್ದೂ ಅಷ್ಟೇ ಆಗಿರಬೇಕು. ಅರ್ಧ ಉಳಿದಿರಬೇಕು." ಮತ್ತೆ ಕೇಳಿದರು: "ಬಟ್ಟೆ?"

"ಹಾರಲಿಲ್ಲ. ನಾಲ್ಕು ಮೂಲೆಯೂ ನಿಂತಿತ್ತು."

"ಒಳಗೆ ತೆಗೆದಿಟ್ಟೆಯಾ?"

"ಇಟ್ಟೆ."

"ಸರಿ, ಫೋನ್ ಇಡು ಬಿಂತಿ," ಎಂದರು. "ಇಲ್ಲಿ ಹೊರಗೆಲ್ಲ ಹಿಮ. ಏನೂ ಒಣಗುವುದಿಲ್ಲ."